ಅಚ್ಚಾಯಿತು, ಆದರೆ ಉತ್ತರ ಸಿಗಲಿಲ್ಲ: 1955ರ ಒಂದು ಭಿನ್ನಮತ ಟಿಪ್ಪಣಿಯ ಓದು

ನಮ್ಮ ಕನ್ನಡ ಕೂಟಗಳಲ್ಲಿ ಒಂದು ಅಲಿಖಿತ ಕಾಯಿದೆ ಇದೆ. ಭೈರಪ್ಪ–ಅನಂತಮೂರ್ತಿ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಜಗಳವಾಡಬಹುದು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದರ ಬಗ್ಗೆಯೂ ಆಡಬಹುದು. ಆದರೆ ಸಮಾಜವಾದ, ಬಂಡವಾಳಶಾಹಿ, ತೆರಿಗೆ, ಸರ್ಕಾರಿ ಆರೋಗ್ಯ ವಿಮೆ ಎಂಬ ಮಾತು ಬಂತೋ, ಯಾರಾದರೊಬ್ಬರು 'ಅದೆಲ್ಲ ಈಗ ಯಾಕೆ ಬಿಡ್ರೀ, ಕಾಫಿ ಆರ್ತಾ ಇದೆ' ಅಂದುಬಿಡುತ್ತಾರೆ. ಹೇಳಿದವರ ಉದ್ದೇಶ ಒಳ್ಳೆಯದೇ. ಹೊರನಾಡಿನಲ್ಲಿ ಇರುವ ನಾಲ್ಕು ಮನೆ ಕನ್ನಡದವರು ಇದಕ್ಕಾಗಿ ಮುಖ ತಿರುಗಿಸಿಕೊಳ್ಳುವುದು ಬೇಡ ಎಂಬ ಕಾಳಜಿ. ಇದನ್ನು ನಾವು ಸಭ್ಯತೆ ಎಂದು ಕರೆಯುತ್ತೇವೆ.

ಇದು ನಿಜಕ್ಕೂ ಸಭ್ಯತೆಯೇ? ನನಗೆ ಅನುಮಾನವಿದೆ. ಬೈಯದೇ ಇರುವುದು ಒಂದು, ಉತ್ತರ ಕೊಡುವುದು ಇನ್ನೊಂದು. ಮೊದಲನೆಯದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಎರಡನೆಯದು ನಮಗಿಂತ ದೊಡ್ಡವರಿಗೂ ಕಷ್ಟವಾಗಿತ್ತು ಎಂಬುದಕ್ಕೆ ಒಂದು ಪುಟ್ಟ ಬರಹ ಸಾಕ್ಷಿಯಾಗಿ ಉಳಿದಿದೆ. ಈ ಸಲ ಅದರ ವಿಮರ್ಶೆಯನ್ನೇ ಮಾಡೋಣ ಅನ್ನಿಸಿತು. ಅದು ಕಾದಂಬರಿಯಲ್ಲ, ಕವನ ಸಂಕಲನವಲ್ಲ. ಸರ್ಕಾರಿ ವರದಿಯೊಂದಕ್ಕೆ ಬಾಲಂಗೋಚಿಯ ಹಾಗೆ ಅಂಟಿಕೊಂಡು ಬಂದ ಒಂದು ಟಿಪ್ಪಣಿ. ಬರೆದವರು ಬಿ. ಆರ್. ಶೆಣೈ, ವರ್ಷ 1955. 'ಸಾಹಿತ್ಯದ ಪತ್ರಿಕೆಯಲ್ಲಿ ಇದ್ಯಾಕೆ?' ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಒಪ್ಪದವರ ನಡುವೆ ಕೂತು 'ನಾನು ಒಪ್ಪುವುದಿಲ್ಲ' ಎಂದು ಬರೆಯುವುದೂ ಒಂದು ಗದ್ಯಪ್ರಕಾರವೇ. ಕಷ್ಟದ ಪ್ರಕಾರ ಬೇರೆ.

ಮೊದಲು ಹಿನ್ನೆಲೆ. ಎರಡನೇ ಪಂಚವಾರ್ಷಿಕ ಯೋಜನೆ 1956ರಲ್ಲಿ ಶುರುವಾಗಬೇಕಿತ್ತು. ಅದರ ಕರಡು ಚೌಕಟ್ಟನ್ನು ತಯಾರಿಸಿದವರು ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್. ಉಕ್ಕು, ಯಂತ್ರ, ವಿದ್ಯುತ್ತಿಗೆ ಮೊದಲ ಮಣೆ. ಬಟ್ಟೆಬರೆಯಂಥ ದಿನಬಳಕೆಯ ಸರಕನ್ನು ಬಹುಮಟ್ಟಿಗೆ ಗುಡಿ ಕೈಗಾರಿಕೆ ನೋಡಿಕೊಳ್ಳಲಿ. ಇದು ಅದರ ಸ್ಥೂಲ ಲೆಕ್ಕ. ಯಂತ್ರ ಮಾಡುವ ಯಂತ್ರ ನಮ್ಮಲ್ಲೇ ಇದ್ದರೆ ಮುಂದೆ ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂಬುದು ಅದರ ಹಿಂದಿದ್ದ ಆಸೆ. ವಸಾಹತು ಆಳ್ವಿಕೆಯಿಂದ ಹೊರಬಂದು ಎಂಟು ವರ್ಷವಷ್ಟೇ ಆಗಿದ್ದ ದೇಶಕ್ಕೆ ಇದು ಹುಚ್ಚು ಆಸೆಯೇನಲ್ಲ. ಕರಡನ್ನು ಪರಿಶೀಲಿಸಲು ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಒಂದು ಮಂಡಳಿ ರಚನೆಯಾಯಿತು. ಸದಸ್ಯರು ಇಪ್ಪತ್ತರ ಆಸುಪಾಸು. ಅವರೆಲ್ಲ ಸೇರಿ ಚೌಕಟ್ಟನ್ನು ಬೆಂಬಲಿಸುವ ವರದಿ ಕೊಟ್ಟರು. ಒಬ್ಬರು ಮಾತ್ರ ಬೇರೆಯಾಗಿ ಬರೆದರು.

ಆ ಒಬ್ಬರೇ ಬೆಳ್ಳಿಕೋತ್ ರಘುನಾಥ ಶೆಣೈ. ಹುಟ್ಟಿದ್ದು 1905ರಲ್ಲಿ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಹೆಸರಿನ ಮುಂದಿರುವುದು ಊರ ಹೆಸರು. ಕಾಶಿಯಲ್ಲಿ ಓದಿ, ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋದವರು. ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದರು. ಈ ಟಿಪ್ಪಣಿ ಬರೆಯುವಾಗ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅದೇ ಮಂಡಳಿಯಲ್ಲಿ ಕರ್ನಾಟಕದ ಓದುಗರಿಗೆ ಹೆಚ್ಚು ಪರಿಚಿತವಾದ ಇನ್ನೊಂದು ಹೆಸರೂ ಇತ್ತು: ವಿ. ಕೆ. ಆರ್. ವಿ. ರಾವ್. 1949ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ಮುಂದೆ 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆಯನ್ನು ಸ್ಥಾಪಿಸಿದವರು. ರಾವ್ ಕೇಂಬ್ರಿಡ್ಜಿನಲ್ಲಿ ಜಾನ್ ಮೇನಾರ್ಡ್ ಕೇನ್ಸರ ಶಿಷ್ಯ. ಶೆಣೈ ಲಂಡನ್ನಿನಲ್ಲಿ ಫ್ರೆಡ್ರಿಕ್ ಹಯೆಕ್ ಉಪನ್ಯಾಸಗಳನ್ನು ಕೇಳಿದವರು. ಇಪ್ಪತ್ತನೇ ಶತಮಾನದ ಅರ್ಥಶಾಸ್ತ್ರದ ಎರಡು ಎದುರುಬದುರು ಮನೆತನಗಳು ದೆಹಲಿಯ ಒಂದೇ ಮೇಜಿಗೆ ಬಂದು ಕೂತಿದ್ದವು ಅನ್ನಿ.

ಇನ್ನು ಟಿಪ್ಪಣಿಗೆ ಬರೋಣ. ಅದರ ಮೊದಲ ಗುಣ, ಜಗಳದ ಜಾಗವನ್ನು ಗುರುತು ಹಾಕುವುದು. ತನ್ನ ಭಿನ್ನಾಭಿಪ್ರಾಯ ಮೂರು ವಿಷಯಗಳಲ್ಲಿ ಎಂದು ಶೆಣೈ ಆರಂಭದಲ್ಲೇ ಪಟ್ಟಿ ಮಾಡುತ್ತಾರೆ. ಯೋಜನೆಯ ಗಾತ್ರ, ಅದಕ್ಕೆ ಹಣ ಹೊಂದಿಸಲು ಕೊರತೆ ಹಣಕಾಸನ್ನು ನೆಚ್ಚುವುದು, ಮತ್ತು ಅದರಿಂದ ಹುಟ್ಟುವ ಕೆಲವು ನೀತಿಗಳು, ಸಂಸ್ಥೆಗಳು. ಅಂದರೆ 'ನೀವೆಲ್ಲ ತಪ್ಪು' ಎಂದಲ್ಲ, 'ಈ ಮೂರು ಕಡೆ ನಮ್ಮ ದಾರಿ ಕವಲೊಡೆಯುತ್ತದೆ' ಎಂದು. ನಮ್ಮ ವಾದಗಳು ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಹಾಲಿನ ಪುಡಿಯ ಬೆಲೆಯಿಂದ ಶುರುವಾದ ಮಾತು ಹತ್ತು ನಿಮಿಷದಲ್ಲಿ ಸ್ಟಾಲಿನ್ ತನಕ ಹೋಗಿರುತ್ತದೆ, ಅಲ್ಲಿಂದ ವಾಪಸ್ ಬರಲು ದಾರಿ ಇರುವುದಿಲ್ಲ.

ಎರಡನೆಯ ಗುಣ, ಸೋಲಬಹುದಾದ ಮಾತನ್ನು ಆಡುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊರತೆ ಹಣಕಾಸು ಎಂದರೆ ತೆರಿಗೆಯಿಂದಲೂ ಜನರ ಉಳಿತಾಯದಿಂದಲೂ ಸಾಲದೇ ಬಂದ ಖರ್ಚನ್ನು ಹೊಸ ಹಣ ಹುಟ್ಟಿಸಿ ತುಂಬಿಸುವುದು. ಯೋಜನೆಯ ಅಂತಿಮ ರೂಪದಲ್ಲಿ ಸಾರ್ವಜನಿಕ ವಲಯದ ಖರ್ಚು 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ, ಅಂದರೆ ಕಾಲು ಭಾಗ, ಈ ದಾರಿಯಿಂದ ಬರಬೇಕಿತ್ತು. 800 ಕೋಟಿ ಹೊರದೇಶಗಳಿಂದ. ಇನ್ನೂ 400 ಕೋಟಿ ಎಲ್ಲಿಂದ ಎಂಬುದೇ ಗೊತ್ತುಮಾಡಿರಲಿಲ್ಲ. ಶೆಣೈ ವಾದ ಹೀಗೆ ಸಾಗುತ್ತದೆ: ಹಣ ಹುಟ್ಟಿಸಬಹುದು, ಆದರೆ ಸಿಮೆಂಟು, ಅಕ್ಕಿ, ಕಬ್ಬಿಣವನ್ನು ಹಾಗೆ ಹುಟ್ಟಿಸಲಾಗದು. ನಿಜವಾದ ಸಂಪನ್ಮೂಲ ಹುಟ್ಟುವುದು ಉಳಿತಾಯದಿಂದ. ಹೊಟ್ಟೆಬಟ್ಟೆಗೇ ಸರಿಹೋಗುವಷ್ಟು ಗಳಿಸುವ ಜನರಿಂದ, ಅದೂ ಪ್ರಜಾಪ್ರಭುತ್ವದಲ್ಲಿ, ಉಳಿತಾಯವನ್ನು ದಿಢೀರನೆ ಏರಿಸಲಾಗದು. ಉಳಿತಾಯಕ್ಕಿಂತ ಹೆಚ್ಚಿನ ವೇಗಕ್ಕೆ ಯೋಜನೆಯನ್ನು ಓಡಿಸಿದರೆ ಹಣದುಬ್ಬರ ಬರುತ್ತದೆ. ಹಣದುಬ್ಬರವನ್ನು ಹಿಡಿಯಲು ನಿಯಂತ್ರಣ ಬರುತ್ತದೆ. ನಿಯಂತ್ರಣ ಹೆಚ್ಚಿದಷ್ಟೂ ಪ್ರಜಾಪ್ರಭುತ್ವದ ಬೇರು ಸಡಿಲವಾಗುತ್ತದೆ.

ಗಮನಿಸಿ, ಈ ವಾದದ ಒಂದೊಂದು ಕೊಂಡಿಯನ್ನೂ ಬೇರೆಯಾಗಿ ಎತ್ತಿ ಪರೀಕ್ಷಿಸಬಹುದು. 'ಉಳಿತಾಯ ಏರಿಸಬಹುದು, ಹೀಗೆ' ಎಂದು ಯಾರಾದರೂ ತೋರಿಸಿಕೊಟ್ಟರೆ ವಾದ ಅಲ್ಲೇ ಮುರಿಯುತ್ತದೆ. ಐದು ವರ್ಷದಲ್ಲಿ ಬೆಲೆ ಏರದಿದ್ದರೆ ಶೆಣೈ ಸೋತರು. ತಾನು ಎಲ್ಲಿ ಸೋಲಬಹುದು ಎಂಬುದನ್ನು ಎದುರಾಳಿಗೆ ಮೊದಲೇ ತಿಳಿಸಿಕೊಡುವುದು ದೊಡ್ಡ ಮರ್ಯಾದೆ. 'ಬಂಡವಾಳಶಾಹಿ ಅಮಾನವೀಯ', 'ಸಮಾಜವಾದ ಸೋಮಾರಿಗಳ ಸಿದ್ಧಾಂತ' ಎಂಬಂಥ ಮಾತುಗಳಲ್ಲಿ ಈ ಮರ್ಯಾದೆ ಇಲ್ಲ. ಅವನ್ನು ಎಷ್ಟೇ ಮೆದು ದನಿಯಲ್ಲಿ ಹೇಳಿದರೂ ಸರಿ, ಅವು ಸೋಲಲು ಒಪ್ಪದ ಮಾತುಗಳು.

ಮೂರನೆಯದು ಧಾಟಿ. ಟಿಪ್ಪಣಿಯ ಗದ್ಯ ಒಣಗಿದ್ದು. ಹಾಸ್ಯವಿಲ್ಲ, ಉಪಮೆಯಿಲ್ಲ, ಕೊಂಕಿಲ್ಲ. ಬಹುಮತದವರ ಉದ್ದೇಶದ ಮೇಲೆ ಆಪಾದನೆಯಿಲ್ಲ. ಅವರು ಯಾರದೋ ಏಜೆಂಟರೆಂದೋ ಮಾಸ್ಕೋ ನೋಡಿ ಮರುಳಾದವರೆಂದೋ ಹೀಯಾಳಿಸುವುದಿಲ್ಲ. ವಾಕ್ಯಗಳ ರಚನೆ ಬಹುಪಾಲು 'ಹೀಗಾದರೆ ಹಾಗಾದೀತು' ಎಂಬಂತಿದೆ. ಓದಲು ರುಚಿಯಾದ ಬರಹ ಇದಲ್ಲ, ನಿಜ. ಆದರೆ ಸಿಟ್ಟಿಗೆ ಜಾಗ ಕೊಡದ ಈ ಒಣ ಗದ್ಯಕ್ಕೆ ಒಂದು ಘನತೆ ಇದೆ.

ಈ ಧಾಟಿ ಶೆಣೈಯವರಿಗೆ ಗುರುಮನೆಯಿಂದ ಬಳುವಳಿಯಾಗಿ ಬಂತೇ? ಹಾಗೆ ಹೇಳುವುದು ಕಷ್ಟ, ಯಾಕೆಂದರೆ ಆ ಮನೆಯಲ್ಲೂ ಮಾತು ಕೆಟ್ಟದ್ದುಂಟು. 1931ರಲ್ಲಿ ಹಯೆಕ್ 'ಎಕನಾಮಿಕಾ' ಪತ್ರಿಕೆಯಲ್ಲಿ ಕೇನ್ಸರ ಹಣದ ಬಗೆಗಿನ ದೊಡ್ಡ ಗ್ರಂಥವನ್ನು ಖಾರವಾಗಿ ವಿಮರ್ಶಿಸಿದರು. ಕೇನ್ಸ್ ಬರೆದ ಉತ್ತರ ಅರ್ಧಕ್ಕರ್ಧ ಉತ್ತರವೇ ಆಗಿರಲಿಲ್ಲ. ಆಕ್ಷೇಪಗಳನ್ನು ಬಿಟ್ಟು ಹಯೆಕರ ಪುಸ್ತಕದ ಮೇಲೆಯೇ ಹರಿಹಾಯ್ದಿದ್ದರು. ಮುಂದಿನ ವರ್ಷ ಕೇನ್ಸ್ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಪಿಯೆರೋ ಸ್ರಾಫಾ ಹಯೆಕರ ಪುಸ್ತಕವನ್ನು ಇನ್ನಷ್ಟು ಕಟುವಾಗಿ ವಿಮರ್ಶಿಸಿದರು. ಜಗತ್ತು ಆರ್ಥಿಕ ಕುಸಿತದಲ್ಲಿ ಮುಳುಗುತ್ತಿದ್ದಾಗ ಅದರ ಅತ್ಯುತ್ತಮ ತಲೆಗಳು ಹೀಗೆ ಪರಿಭಾಷೆಯ ಕುಸ್ತಿಯಲ್ಲಿದ್ದವು.

ಅದೇ ಇಬ್ಬರು 13 ವರ್ಷಗಳ ನಂತರ ಏನು ಮಾಡಿದರು ನೋಡಿ. 1944ರಲ್ಲಿ ಹಯೆಕ್ 'ದಿ ರೋಡ್ ಟು ಸರ್ಫ್‌ಡಮ್' ಪ್ರಕಟಿಸಿದರು. ಕೇಂದ್ರೀಕೃತ ಯೋಜನೆ ಕೊನೆಗೆ ದಾಸ್ಯಕ್ಕೆ ಒಯ್ಯುತ್ತದೆ ಎಂಬುದು ಅದರ ವಾದ. ಅಂಥ ಪುಸ್ತಕವನ್ನು ಅವರು ಅರ್ಪಿಸಿದ್ದು ಎಲ್ಲ ಪಕ್ಷಗಳಲ್ಲೂ ಇರುವ ಸಮಾಜವಾದಿಗಳಿಗೆ! ಕುಚೋದ್ಯವೂ ಇರಬಹುದು, ಆದರೆ ಎದುರು ಪಕ್ಷದವರೇ ತನ್ನ ಓದುಗರು ಎಂಬ ತಿಳಿವಳಿಕೆ ಅದರಲ್ಲಿದೆ. ಬ್ರೆಟನ್ ವುಡ್ಸ್ ಸಮ್ಮೇಳನಕ್ಕಾಗಿ ಹಡಗಿನಲ್ಲಿ ಅಮೆರಿಕಕ್ಕೆ ಹೊರಟಿದ್ದ ಕೇನ್ಸ್ ದಾರಿಯಲ್ಲಿ ಅದನ್ನು ಓದಿ ಜೂನ್ ತಿಂಗಳಲ್ಲಿ ಹಯೆಕರಿಗೆ ಪತ್ರ ಬರೆದರು. ಪುಸ್ತಕವನ್ನು ಮನಸಾರೆ ಮೆಚ್ಚಿದರು. ನೈತಿಕವಾಗಿ ತಾನು ಬಹುಪಾಲು ನಿಮ್ಮ ಜೊತೆಗಿದ್ದೇನೆ ಎಂದರು. ಆಮೇಲೆ ಒಂದೇ ಪ್ರಶ್ನೆ: ಸರ್ಕಾರ ಏನೂ ಮಾಡಬಾರದು ಎಂದು ನೀವೂ ಹೇಳುವುದಿಲ್ಲ, ಎಲ್ಲೋ ಒಂದು ಗೆರೆ ಎಳೆಯಬೇಕು ಎಂದು ನೀವೂ ಒಪ್ಪುತ್ತೀರಿ, ಆದರೆ ಆ ಗೆರೆ ಎಲ್ಲಿ ಎಂದು ನೀವು ಹೇಳುವುದೇ ಇಲ್ಲವಲ್ಲ? ಹೊಗಳಿಕೆಯ ನಡುವೆ ಇಟ್ಟ ಈ ಪ್ರಶ್ನೆ 1931ರ ಎಲ್ಲ ಖಾರಕ್ಕಿಂತ ಆಳಕ್ಕೆ ಇಳಿಯುತ್ತದೆ. ಯಾಕೆಂದರೆ ಇದು ಹಯೆಕ್ ತಾವೇ ಒಪ್ಪಿಕೊಂಡ ಮಾತಿನಿಂದ ಹುಟ್ಟಿದ ಪ್ರಶ್ನೆ.

ಅದೇ ವರ್ಷ ಏಪ್ರಿಲ್ 9ರ 'ಅಬ್ಸರ್ವರ್' ಪತ್ರಿಕೆಯಲ್ಲಿ ಜಾರ್ಜ್ ಆರ್ವೆಲ್ ಇದನ್ನು ವಿಮರ್ಶಿಸಿದ ಬಗೆ ನಮ್ಮಂಥ ಓದುಗರಿಗೆ ಇನ್ನೂ ಕುತೂಹಲದ್ದು. ಅವರು ಹಯೆಕರ ಪುಸ್ತಕವನ್ನೂ, ಎಡಪಂಥದ ಝಿಲಿಯಾಕಸ್ ಬರೆದ ಇನ್ನೊಂದು ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡು ಒಂದೇ ವಿಮರ್ಶೆ ಬರೆದರು. ನಿನ್ನ ದಾರಿ ಗುಲಾಮಗಿರಿಗೆ ಹೋಗುತ್ತದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳುತ್ತಿದ್ದಾರೆ; ಭಯದ ಸಂಗತಿಯೆಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ಎಂಬುದು ಅವರ ತೀರ್ಮಾನದ ಸಾರ. ಸ್ವತಃ ಸಮಾಜವಾದಿಯಾದ ಆರ್ವೆಲ್, ಕೈಗೆ ಸಿಕ್ಕಿದ ಅಧಿಕಾರವನ್ನು ಸಮೂಹದ ಹೆಸರಿನಲ್ಲಿ ಒಂದು ಗುಂಪು ನುಂಗಿಹಾಕಬಲ್ಲದು ಎಂಬ ಹಯೆಕರ ಎಚ್ಚರಿಕೆಯನ್ನು ಒಪ್ಪಿದರು. ಜೊತೆಗೆ, ಪೈಪೋಟಿ ಎಂದ ಮೇಲೆ ಯಾರೋ ಒಬ್ಬ ಗೆಲ್ಲುತ್ತಾನೆ, ಗೆದ್ದವನು ಮುಂದೆ ಯಾರಿಗೂ ಜವಾಬು ಹೇಳುವವನಲ್ಲ ಎಂಬುದನ್ನೂ ನೆನಪಿಸಿದರು. ಮರುವರ್ಷ ಇದೇ ಪುಸ್ತಕಕ್ಕೆ ಎರಡು ಪುಸ್ತಕಗಳೇ ಉತ್ತರವಾಗಿ ಬಂದವು. ಹರ್ಮನ್ ಫೈನರ್ ಬರೆದದ್ದು ಬೈಗುಳದ ಭಾಷೆಯಲ್ಲಿ. ಬಾರ್ಬರಾ ವೂಟನ್ ಬರೆದ 'ಫ್ರೀಡಮ್ ಅಂಡರ್ ಪ್ಲ್ಯಾನಿಂಗ್' ತಾಳ್ಮೆಯ ಭಾಷೆಯಲ್ಲಿ. ವೂಟನ್ ಸೌಜನ್ಯವನ್ನು ಹಯೆಕರೇ ಮುಂದೆ ಮೆಚ್ಚಿ ಬರೆದರು.

ಈಗ ದೆಹಲಿಗೆ ವಾಪಸ್. ಶೆಣೈಯವರಿಗೆ ಇಂಥ ಒಬ್ಬ ಕೇನ್ಸ್, ಒಬ್ಬ ವೂಟನ್ ಸಿಕ್ಕರೇ?

ಅವರ ಬಾಯಿ ಯಾರೂ ಮುಚ್ಚಿಸಲಿಲ್ಲ, ಇದನ್ನು ಮೊದಲು ಹೇಳಬೇಕು. ಟಿಪ್ಪಣಿ ಅಚ್ಚಾಯಿತು. ಪಾರ್ಟಿ ಲೈನ್ ಬಿಟ್ಟರೆ ತಲೆಯೇ ಹೋಗುತ್ತಿದ್ದ ದೇಶಗಳು ಆ ಕಾಲದಲ್ಲಿದ್ದವು; ಭಾರತ ಹಾಗಿರಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಆದರೆ ಯೋಜನೆಯ ಅಂತಿಮ ರೂಪದಲ್ಲಿ 1,200 ಕೋಟಿಯ ಕೊರತೆ ಹಣಕಾಸು ಹಾಗೆಯೇ ಉಳಿಯಿತು. ಆಕ್ಷೇಪದ ಕೊಂಡಿಗಳನ್ನು ಒಂದೊಂದಾಗಿ ಎತ್ತಿ, 'ಇದು ಸರಿ, ಇದು ತಪ್ಪು, ಯಾಕೆಂದರೆ ಹೀಗೆ' ಎಂದು ಯೋಜನೆ ಜವಾಬು ಕೊಡಲಿಲ್ಲ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಕೋಡ್ ರಿವ್ಯೂನಲ್ಲಿ ಒಬ್ಬರು ಗಂಭೀರವಾದ ಕಾಮೆಂಟ್ ಬರೆದಿರುತ್ತಾರೆ. ಯಾರೂ ಬೈಯುವುದಿಲ್ಲ, ಅಳಿಸುವುದಿಲ್ಲ. 'ಥ್ಯಾಂಕ್ಸ್' ಅಂದು ಕೋಡನ್ನು ಮರ್ಜ್ ಮಾಡಿಬಿಡುತ್ತಾರೆ! ದಾಖಲೆಯಲ್ಲಿ ಎಲ್ಲ ಸರಿಯಾಗಿದೆ. ಆರು ತಿಂಗಳ ನಂತರ ರಾತ್ರಿ ಎರಡು ಗಂಟೆಗೆ ಫೋನು ಬಂದಾಗಲೇ ಆ ಕಾಮೆಂಟನ್ನು ಹುಡುಕುವುದು.

ಇಲ್ಲಿ ಫೋನು ಬಂದದ್ದು 1957ರಲ್ಲಿ. ವಿದೇಶಿ ವಿನಿಮಯದ ಮುಗ್ಗಟ್ಟು ಎದುರಾಯಿತು. ಆಮದಿನ ಮೇಲೆ ಬಿಗಿ ಹೆಚ್ಚಿತು. 1958ರಲ್ಲಿ ಯೋಜನೆಯನ್ನು ಎರಡು ಭಾಗ ಮಾಡಿ, ತಕ್ಷಣ ಮಾಡಬೇಕಾದ್ದನ್ನು 4,500 ಕೋಟಿಗೆ ಇಳಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ವಿಶ್ವ ಬ್ಯಾಂಕಿನ ನೇತೃತ್ವದಲ್ಲಿ ಭಾರತಕ್ಕೆ ನೆರವು ಕೊಡುವ ದೇಶಗಳ ಕೂಟ ಸೇರಿತು. ಯಾರ ಮುಂದೆಯೂ ಕೈಚಾಚಬಾರದೆಂದು ಹೊರಟ ಯೋಜನೆ ಎರಡೇ ವರ್ಷದಲ್ಲಿ ಕೈಚಾಚಿ ನಿಂತಿತ್ತು.

ಹಾಗಾದರೆ 'ಶೆಣೈ ಗೆದ್ದರು' ಎಂದು ಬರೆದು ಮುಗಿಸಬಹುದಲ್ಲ? ಹಾಗೆ ಮುಗಿಸುವವರು ಇದ್ದಾರೆ. ಅವರ ಬರಹಗಳಲ್ಲಿ ಶೆಣೈ ಒಬ್ಬ ಪ್ರವಾದಿ, ಮಿಕ್ಕವರೆಲ್ಲ ಕುರಿಗಳು. ಇದು ಶೆಣೈ ಬರಹದ ಧಾಟಿಗೇ ಮಾಡುವ ಅಪಚಾರ ಎಂದು ನನ್ನ ಭಾವನೆ. ಅವರ ಮಾತು ಸೋಲಬಹುದಾದ ಮಾತು ಎಂದೆವಲ್ಲ, ಗೆಲುವನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಕು. ಆ ಐದು ವರ್ಷಗಳಲ್ಲಿ ಬೆಲೆಗಳು ಏರಿದ್ದು ನಿಜ. ಆದರೆ 1957–58ರಲ್ಲಿ ಬೆಳೆ ಕೈಕೊಟ್ಟದ್ದೂ ನಿಜ. ಏರಿಕೆಯಲ್ಲಿ ಮಳೆಯ ಪಾಲೆಷ್ಟು, ನೋಟಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ವಿನಿಮಯದ ಮುಗ್ಗಟ್ಟಿಗೆ ಕೊರತೆ ಹಣಕಾಸಿನಷ್ಟೇ ಯಂತ್ರಗಳ ಆಮದೂ ಕಾರಣ. ನಿಯಂತ್ರಣಗಳು ಪ್ರಜಾಪ್ರಭುತ್ವವನ್ನು ಕೊರೆಯುತ್ತವೆ ಎಂಬ ಕೊಂಡಿ ಎಲ್ಲಕ್ಕಿಂತ ಸಡಿಲವಾದದ್ದು. ಲೈಸೆನ್ಸು, ಪರ್ಮಿಟ್ಟುಗಳ ಕಾಟ ಬೆಳೆಯಿತು, ಹೌದು. ಆದರೆ 1957ರಿಂದ 1971ರವರೆಗೆ ಚುನಾವಣೆಗಳು ನಡೆದವು, ಹಲವು ರಾಜ್ಯಗಳಲ್ಲಿ ಆಳುವ ಪಕ್ಷ ಸೋತಿತು. 1975ರ ತುರ್ತು ಪರಿಸ್ಥಿತಿಯನ್ನು ಕೊರತೆ ಹಣಕಾಸಿನ ಲೆಕ್ಕಕ್ಕೆ ಬರೆಯಲು ಬಹಳ ಧೈರ್ಯ ಬೇಕು.

ಇನ್ನೊಂದು, ಟಿಪ್ಪಣಿ ಮಾತಾಡದ ವಿಷಯ. ಈ ಕೊರತೆ ತೋರಿಸಲು ದೆಹಲಿಯ ಕಡತ ಬೇಡ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕು ಸಾಕು. ಟಿಪ್ಪಣಿಗೆ ನಾಲ್ಕು ವರ್ಷ ಮೊದಲು, 1951ರಲ್ಲಿ, ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಆ ಜಗಳದಲ್ಲಿ ಕೊಳಗದ ಗಾತ್ರವೂ ಒಂದು ವಿಷಯ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಲೋಹಿಯಾ ಬಂದರು, ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರಂಥವರ ರಾಜಕಾರಣ ಆ ನೆಲದಲ್ಲಿ ಬೆಳೆಯಿತು. ಬೆಲೆಯನ್ನು ಮಾರುಕಟ್ಟೆಗೆ ಬಿಡಿ, ನಿಯಂತ್ರಣ ತೆಗೆಯಿರಿ ಎನ್ನುವ ವಾದ ಒಂದು ಸಂಗತಿಯನ್ನು ಸುಮ್ಮನೆ ಊಹಿಸಿಕೊಂಡಿರುತ್ತದೆ: ಕೊಡುವವನೂ ಕೊಳ್ಳುವವನೂ ಒಂದೇ ಕೊಳಗದಿಂದ ಅಳೆಯುತ್ತಿದ್ದಾರೆ ಎಂದು. ಕೊಳಗವೇ ಒಬ್ಬನ ಕೈಯಲ್ಲಿದ್ದರೆ? ಅಳತೆಯ ಬಗ್ಗೆ ಮಾತೆತ್ತಿದವನ ಜಾತಿ, ಜಮೀನು ಎರಡೂ ಅವನ ಬಾಯಿ ಕಟ್ಟುವಂತಿದ್ದರೆ? ಶೆಣೈ ಟಿಪ್ಪಣಿಯ ಅಚ್ಚುಕಟ್ಟಾದ ತರ್ಕದಲ್ಲಿ ಈ ಮನುಷ್ಯನಿಗೆ ಜಾಗವಿಲ್ಲ. ನ್ಯಾಯವಾಗಿ ಹೇಳುವುದಾದರೆ ಮಹಾಲನೋಬಿಸರ ಉಕ್ಕಿನ ಸಮೀಕರಣಗಳಲ್ಲೂ ಅವನು ಇರಲಿಲ್ಲ. ಸಭ್ಯವಾದ ಚರ್ಚೆಗೆ ಇರುವ ಹಳೆಯ ಅಪಾಯ ಇದು. ಮೇಜಿನ ಸುತ್ತ ಕೂತವರು ಒಬ್ಬರಿಗೊಬ್ಬರು ಎಷ್ಟು ಮರ್ಯಾದೆಯಿಂದ ಮಾತಾಡಿಕೊಂಡರೂ ಬಾಗಿಲ ಹೊರಗೆ ನಿಂತವನಿಗೆ ಅದು ಕೇಳಿಸುವುದಿಲ್ಲ. ಕಾಗೋಡಿನವರು ದನಿ ಎತ್ತರಿಸಿದ್ದನ್ನು ಅಸಭ್ಯತೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಮೆದು ದನಿ ಎಂಬುದು ಮೇಜಿನ ಸುತ್ತ ಕುರ್ಚಿ ಸಿಕ್ಕವರ ಸೌಲಭ್ಯವೂ ಹೌದು.

ಹಾಗಿದ್ದರೂ ಮೇಜಿನ ಮಾತು ಮುಖ್ಯವೇ. 1955ರಲ್ಲಿ ಒಂದು ನಿಜವಾದ ಸಂವಾದ ನಡೆಯುವ ಸಾಧ್ಯತೆ ಇತ್ತು ಎಂಬುದಕ್ಕೆ ನನಗೆ ಸಿಗುವ ಪುರಾವೆ ಎದುರು ಪಕ್ಷದಲ್ಲೇ ಇದೆ. ರಾವ್ 1952ರಲ್ಲಿ 'ಇಂಡಿಯನ್ ಎಕನಾಮಿಕ್ ರಿವ್ಯೂ'ದಲ್ಲಿ ಒಂದು ಲೇಖನ ಬರೆದಿದ್ದರು. ತಮ್ಮ ಗುರು ಕೇನ್ಸರ ಸೂತ್ರವನ್ನು ಭಾರತದಂಥ ಬಡ, ಬೇಸಾಯದ ದೇಶಕ್ಕೆ ನೇರವಾಗಿ ಅನ್ವಯಿಸಲಾಗದು ಎಂಬುದು ಅದರ ವಾದ. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಖಾಲಿ ನಿಂತಿದ್ದಾಗ ಸರ್ಕಾರ ಹಣ ಸುರಿದರೆ ಉತ್ಪಾದನೆ ಏರುತ್ತದೆ. ಇಲ್ಲಿ ಖಾಲಿ ಕಾರ್ಖಾನೆಗಳಿಲ್ಲ; ಸುರಿದ ಹಣ ಸರಕನ್ನು ಹೆಚ್ಚಿಸುವ ಬದಲು ಬೆಲೆಯನ್ನು ಹೆಚ್ಚಿಸುತ್ತದೆ. ಕೇನ್ಸರ ಶಿಷ್ಯ ಬರೆದ ಈ ವಾದವನ್ನೂ ಹಯೆಕರ ಶಿಷ್ಯ ಬರೆದ ಟಿಪ್ಪಣಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಮನೆತನಗಳ ನಡುವಿನ ಗೋಡೆ ಎಷ್ಟು ತೆಳುವಾಗಿತ್ತು! ಅತ್ತ ಮುಂಬಯಿಯಲ್ಲಿ ಸಿ. ಎನ್. ವಕೀಲ್ ಮತ್ತು ಮೈಸೂರು ಕಡೆಯ ಪಿ. ಆರ್. ಬ್ರಹ್ಮಾನಂದ 1956ರಲ್ಲಿ ಬೇರೊಂದು ದಾರಿಯನ್ನೇ ತೋರಿಸಿದರು: ಮೊದಲು ಕೂಲಿಕಾರರು ಉಣ್ಣುವ, ಉಡುವ ಸರಕನ್ನು ಹೆಚ್ಚಿಸಿ, ಆಗ ಸುಮ್ಮನೆ ಕೂತ ಕೈಗಳಿಗೆ ಕೆಲಸ ಕೊಡಬಹುದು ಎಂದು. ಅವರು ಮಾರುಕಟ್ಟೆವಾದಿಗಳೂ ಅಲ್ಲ, ಉಕ್ಕುವಾದಿಗಳೂ ಅಲ್ಲ. ಅಂದರೆ ಎರಡೇ ಬಣಗಳು ಎಂಬುದೇ ಸುಳ್ಳು. ಕೊಂಡಿ ಕೊಂಡಿಯಾಗಿ ಉತ್ತರ ಕೊಡಲು ಕೂತಿದ್ದರೆ ಈ ಒಳದಾರಿಗಳೆಲ್ಲ ಒಂದೇ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಉತ್ತರ ಕೊಡದೇ ಹೋದದ್ದರಿಂದ ನಷ್ಟವಾದದ್ದು ಶೆಣೈ ಒಬ್ಬರಿಗಲ್ಲ, ಬಹುಮತಕ್ಕೂ ಆಯಿತು. ತಮ್ಮೊಳಗೇ ಇದ್ದ ಅನುಮಾನಗಳನ್ನು ಅವರು ಎದುರಾಳಿಯ ಬಾಯಿಂದ ಕೇಳಿಸಿಕೊಳ್ಳಲಿಲ್ಲ.

ಇದು ನಮಗೆ ಯಾಕೆ ಬೇಕು? ಯಾಕೆಂದರೆ ಈ ಕೂಟದ ಬಹುಪಾಲು ಜನರ ಬದುಕು ಆ ಎರಡೂ ಪಕ್ಷಗಳ ಕೂಸು. ಬೆಂಗಳೂರಿನ ಎಚ್.ಎಂ.ಟಿ. 1953ರದ್ದು, ಬಿ.ಇ.ಎಲ್. 1954ರದ್ದು. ನಮ್ಮಲ್ಲಿ ಎಷ್ಟೋ ಮಂದಿಯ ತಂದೆ, ಮಾವಂದಿರು ಅಲ್ಲಿ ಸಂಬಳ ಎಣಿಸಿ ನಮ್ಮ ಫೀಸು ಕಟ್ಟಿದರು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ, ಎರಡನೇ ಯೋಜನೆಯ ಅವಧಿಯೊಳಗೇ. ನಾವು ಓದುವಾಗ ಇಂಥ ಕಾಲೇಜುಗಳ ಫೀಸು ಎಷ್ಟಿತ್ತು ಎಂದು ನೆನಪಿಸಿಕೊಂಡರೆ ಈಗ ನಗು ಬರುತ್ತದೆ. ಆದರೆ ಆ ಪದವಿಗೆ ಬೆಲೆ ಬಂದದ್ದು 1991ರ ನಂತರ, ಶೆಣೈ ಬೇಡವೆಂದಿದ್ದ ನಿಯಂತ್ರಣಗಳು ಸಡಿಲವಾದ ಮೇಲೆ. ಓದಿಸಿದ್ದು ಯೋಜನೆ, ವಿಮಾನ ಹತ್ತಿಸಿದ್ದು ಮಾರುಕಟ್ಟೆ. ಸರ್ಕಾರಿ ಸೀಟಿನಲ್ಲಿ ಓದಿ ಬಂದು ಇಲ್ಲಿ 'ಸರ್ಕಾರ ಕೈಹಾಕಿದ್ದೆಲ್ಲ ಹಾಳು' ಎನ್ನುವವರೂ, ಕಂಪೆನಿಯ ಷೇರು ಏರುವುದನ್ನು ದಿನಾ ನೋಡುತ್ತಾ ಬಂಡವಾಳಶಾಹಿಯನ್ನು ಶಪಿಸುವವರೂ ತಮ್ಮ ತಮ್ಮ ಅರ್ಧ ಜಾತಕವನ್ನು ಮಾತ್ರ ಓದುತ್ತಿರುತ್ತಾರೆ. ಇಬ್ಬರೂ ಒಂದೇ ಮೇಜಿನಲ್ಲಿ ಮಾತಾಡಿದರೆ ಜಾತಕ ಪೂರ್ತಿಯಾದೀತು.

ಕನ್ನಡದ ಓದುಗರಾಗಿ ನಮಗೆ ಇನ್ನೊಂದು ಜವಾಬ್ದಾರಿ ಇದೆ. ಸಮಾಜವಾದಿಯ ಒಳಮನಸ್ಸನ್ನು ನಾವು ಕಥೆ, ಕಾದಂಬರಿಗಳ ಮೂಲಕ ಬಲ್ಲೆವು. ಅನಂತಮೂರ್ತಿಯವರ 'ಅವಸ್ಥೆ' (1978) ಓದಿದವರಿಗೆ ಹೋರಾಟಗಾರನ ಆಸೆ, ದಣಿವು, ರಾಜಿ ಎಲ್ಲ ಗೊತ್ತು. ಆದರೆ ಲೆಕ್ಕದ ಪುಸ್ತಕ ಹಿಡಿದುಕೊಂಡು 'ಇದು ನಡೆಯುವುದಿಲ್ಲ' ಎಂದು ಒಂಟಿಯಾಗಿ ಹೇಳಿದವನ ಒಳಮನಸ್ಸನ್ನು ಅಷ್ಟೇ ಅಕ್ಕರೆಯಿಂದ ತೋರಿಸಿದ ಕನ್ನಡ ಕಾದಂಬರಿ ನನ್ನ ಓದಿನಲ್ಲಿ ಸಿಕ್ಕಿಲ್ಲ. ಆತ ನಮ್ಮ ಕಥೆಗಳಲ್ಲಿ ಹೆಚ್ಚಾಗಿ ಜಿಪುಣ ಶೆಟ್ಟಿಯೋ ಕಲ್ಲೆದೆಯ ಸಾಹುಕಾರನೋ ಆಗಿ ಬಂದುಹೋಗುತ್ತಾನೆ. ಎದುರಾಳಿಯನ್ನು ಮನುಷ್ಯನಾಗಿ ಕಾಣದ ಸಾಹಿತ್ಯವನ್ನು ಓದಿ ಬೆಳೆದವರು ಚರ್ಚೆಯಲ್ಲಿ ಎದುರಾಳಿಯನ್ನು ಮನುಷ್ಯನಾಗಿ ಕಾಣುವುದು ಹೇಗೆ? ಅವನ ವಾದವನ್ನು ಅವನಿಗಿಂತ ಚೆನ್ನಾಗಿ ಬರೆಯಬಲ್ಲ ಕಾದಂಬರಿಕಾರ ಬೇಕು. ಆಮೇಲೆ ಸೋಲಿಸಲಿ, ಅಭ್ಯಂತರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಟಿಪ್ಪಣಿಯ ಬಗ್ಗೆ ನನ್ನ ತೀರ್ಪು ಇದು. ಬರಹವಾಗಿ ಅದು ಸಪ್ಪೆ, ನೋಟವಾಗಿ ಅರ್ಧ. ಆದರೆ ಭಿನ್ನಮತವನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಅದು ಒಳ್ಳೆಯ ಮಾದರಿ. ಎಲ್ಲಿ ಒಪ್ಪುವುದಿಲ್ಲ ಎಂದು ಗುರುತು ಹಾಕುತ್ತದೆ, ಎಲ್ಲಿ ಸೋಲಬಹುದೆಂದು ತೋರಿಸುತ್ತದೆ, ಎದುರಾಳಿಯ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದಿಲ್ಲ. ಅದರ ಕಥೆ ಕಲಿಸುವ ಇನ್ನೊಂದು ಪಾಠ ಮಾತ್ರ ಬರೆದವರಿಗಲ್ಲ, ಓದಿದವರಿಗೆ. ಅಂಥ ಬರಹವನ್ನು ಗೌರವದಿಂದ ಅಚ್ಚು ಹಾಕಿ, ಗೌರವದಿಂದ ಕಪಾಟಿನಲ್ಲಿಟ್ಟರೆ ಸಾಲದು. ಉತ್ತರ ಪಡೆಯುವುದು ಭಿನ್ನಮತದ ಹಕ್ಕು.

ಶೆಣೈ 1978ರಲ್ಲಿ ತೀರಿಕೊಂಡರು, ನಿಯಂತ್ರಣಗಳು ಸಡಿಲವಾಗುವುದಕ್ಕೆ 13 ವರ್ಷ ಮೊದಲು. ರಾವ್ ತೀರಿಕೊಂಡದ್ದು 1991ರಲ್ಲಿ. ಅವರಿಬ್ಬರ ಬರಹಗಳನ್ನು, ಜೊತೆಗೆ ಕಾಗೋಡಿನ ಕಥೆಯನ್ನು, ಒಟ್ಟಿಗೆ ಇಟ್ಟುಕೊಂಡು ನಮ್ಮ ಬಳಗ ಒಂದು ಭಾನುವಾರ ಓದಬಾರದೇಕೆ? ಮಾರುಕಟ್ಟೆಯನ್ನು ನಂಬುವವರು ರಾವ್ ಪರವಾಗಿ ಮಾತಾಡಲಿ, ಸಮಾಜವಾದಿಗಳು ಶೆಣೈ ಪರವಾಗಿ. ಕಾಗೋಡಿನವರ ಪರವಾಗಿ ಎಲ್ಲರೂ. ಕಾಫಿ ಆರಿದರೆ ಇನ್ನೊಂದು ಸಲ ಬಿಸಿ ಮಾಡಿಕೊಳ್ಳೋಣ. ಏನಂತೀರಿ?